ಎರಡು ಬಾಯಿ, ಮೂರು ಬಾಯಿ ಮತ್ತು ದಸ್ತಗೀರಸಾಬರು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ದಾಂಡೇಲಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದಸ್ತಗೀರಸಾಬರ ರೇಡಿಯೋ ರಿಪೇರಿ ಅಂಗಡಿ. ಅಂಗಡಿಯ ಹಿಂದೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಕೋಣೆ. ಅದರ ಮೂಡಣ ಗೋಡೆಯ ಮುಂದೆ, ಮೇಜಿನ ಮೇಲೆ ಎರಡು ಸ್ಪೀಕರ್ ಡಬ್ಬಿಗಳು: ದೊಡ್ಡದು ನಾನು ಕಟ್ಟಿದ್ದು, ಸಣ್ಣದು ಅವರದು. ನಾನು ಮೇಜಿನ ಬಲತುದಿಯಲ್ಲಿ ಗೋಡೆಗೆ ಭುಜ ತಾಗಿಸಿ ನಿಂತಿದ್ದೆ. ಹಾಗೆ ನಿಂತಿದ್ದರಿಂದ ಡಬ್ಬಿಗಳ ಬೆನ್ನು ನನಗೊಬ್ಬನಿಗೇ ಕಾಣುತ್ತಿತ್ತು. ಎಂಬತ್ತಮೂರನೆಯ ಇಸವಿಯ ಏಪ್ರಿಲ್, ಒಂದು ಗುರುವಾರ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಹದಿನೈದು ನಿಮಿಷ.

ದಸ್ತಗೀರಸಾಬರು ಡಬ್ಬಿಗಳಿಂದ ನಾಲ್ಕು ಅಡಿ ದೂರದಲ್ಲಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಬಲಗೈ ಮೇಲಿನ ಸ್ವರ ಏರಿಸುವ ಟ್ರೆಬಲ್ ಗುಂಡಿಯ ಮೇಲಿತ್ತು. ಸ್ಪೂಲ್ ಟೇಪಿನಲ್ಲಿ ಮರಿಯಾಬಾಯಿ ಸಿದ್ದಿಯವರ ಹಾಡು ಓಡುತ್ತಿತ್ತು. ಹಾಡಿದ ಮರಿಯಾಬಾಯಿಯೂ, ಹಾಡಿಗೆ ಡಮಾಮಿ ಎಂಬ ಡೋಲು ಬಾರಿಸಿದ ಅವರ ತಮ್ಮ ಇನಾಸನೂ ಬಾಗಿಲ ಬಳಿಯ ಬೆಂಚಿನ ಮೇಲಿದ್ದರು. ದಸ್ತಗೀರಸಾಬರು ಮೊದಲು ದೊಡ್ಡ ಡಬ್ಬಿಯಲ್ಲಿ ಕೇಳಿದರು, ಆಮೇಲೆ ಸ್ವಿಚ್ ಒತ್ತಿ ಸಣ್ಣದರಲ್ಲಿ. ಸಣ್ಣದರಲ್ಲಿ ದನಿ ಮಂಕಾಗಿತ್ತು. ಅವರು ಟ್ರೆಬಲ್ ಏರಿಸುತ್ತಾ ಹೋದರು, ಕೊನೆಯವರೆಗೂ ಏರಿಸಿದರು. ಆಮೇಲೆ ಅವರ ಮುಖ ಸಡಿಲವಾಯಿತು.

"ಈಗ ಬಂತು ನೋಡ್ರಿ. ತುಟಿ, ಹಲ್ಲು, ನಾಲಿಗಿ, ಎಲ್ಲಾ ಬಂತು. ಮರಿಯಾಬಾಯಿ ನನ್ನ ಮುಂದ ನಿಂತು ಹಾಡಾಕತ್ಯಾಳ" ಅಂದರು.

ನನಗೆ ಹಾಗೆ ಕೇಳಿಸುತ್ತಿರಲಿಲ್ಲ. ಯಾರೋ ತಲೆತುಂಬ ಕೌದಿ ಹೊದ್ದು ಹಾಡಿದಂತೆ ಕೇಳಿಸುತ್ತಿತ್ತು. ಬಗ್ಗಿ ಸಣ್ಣ ಡಬ್ಬಿಯ ಹಿಂದೆ ನೋಡಿದೆ. ಮೇಲಿನ ಸಣ್ಣ ಸ್ಪೀಕರಿಗೆ, ಅಂದರೆ ಟ್ವೀಟರಿಗೆ ಹೋಗುವ ಕೆಂಪು ತಂತಿ ಕಳಚಿ ನೇತಾಡುತ್ತಿತ್ತು. ಬೆಳಿಗ್ಗೆ ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ಮುಂದೆ ಸರಿಸಿದವನು ನಾನು; ಕಳಚಿದ್ದು ಆಗಲೇ ಇರಬೇಕು. ಟ್ವೀಟರಿನಿಂದ ಒಂದು ಸೊಲ್ಲೂ ಹೊರಡುತ್ತಿರಲಿಲ್ಲ. ಹಲ್ಲು ತುಟಿಯ ಸಪ್ಪಳ ಬರಬೇಕಾದದ್ದು ಅಲ್ಲಿಂದಲೇ. ಅದೆಲ್ಲ ಬಂತೆಂದು ದಸ್ತಗೀರಸಾಬರು ಹೇಳುತ್ತಿದ್ದರು.

ಆ ಮನುಷ್ಯ ಯಾರು ಎಂದು ತಿಳಿಯದಿದ್ದರೆ ನಾನು ಆಮೇಲೆ ಹಾಗೆ ಮಾಡಿದ್ದೇಕೆ ಎಂದು ತಿಳಿಯುವುದಿಲ್ಲ.

ನಾನು ಅಂಬಿಕಾನಗರದ ವಿದ್ಯುತ್ ಕಾಲೊನಿಗೆ ಬಂದದ್ದು ಎಪ್ಪತ್ತಾರರಲ್ಲಿ. ನನ್ನ ಕೆಲಸ ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಪುಸ್ತಕದಲ್ಲಿ ಬರೆಯುವುದು. ಕಂಡದ್ದನ್ನು ಮಾತ್ರ ಬರೆಯಬೇಕು, ಅಂದಾಜು ಬರೆಯಬಾರದು ಎಂಬುದು ಅಲ್ಲಿನ ಶಿಸ್ತು. ಬಂದ ವರ್ಷವೇ ನನ್ನ ರೇಡಿಯೋ ಕೆಟ್ಟು, ಅದನ್ನು ಹೊತ್ತು ದಾಂಡೇಲಿಗೆ ಹೋದೆ. ನನಗಿಂತ ಮುಂಚೆ ಕುಂಬಾರವಾಡದಿಂದ ಬಂದ ಒಬ್ಬ ರೈತ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ. ಅವನ ಊರಿಗೆ ಇರುವುದೊಂದೇ ಬಸ್ಸು, ಅದು ಹೊರಡಲು ಅರ್ಧ ಗಂಟೆ ಉಳಿದಿತ್ತು. ದಸ್ತಗೀರಸಾಬರು ಅವನ ರೇಡಿಯೋ ಬಿಚ್ಚಲಿಲ್ಲ. ಹಚ್ಚಿ ಮೇಜಿನ ಮೇಲಿಟ್ಟರು, ಅಂಗಡಿಯಿಂದ ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಕಟ್ಟಿಗೆಯ ಲಾರಿಯೊಂದು ಹಾದುಹೋಯಿತು. ಅದು ದಾಟಿದ ಮೇಲೂ ಹಾಗೇ ನಿಂತಿದ್ದು, ತಿರುಗಿ ಬಂದು ಹೇಳಿದರು: "ಕಂಡೆನ್ಸರ್ ಒಣಗೇತಿ. ಒಂದ. ಬಾಕಿ ಎಲ್ಲಾ ಗಟ್ಟಿ ಐತಿ." ಬಿಚ್ಚಿದರು, ಒಂದನ್ನು ತೆಗೆದು ಇನ್ನೊಂದನ್ನು ಬೆಸೆದರು. ರೈತನಿಗೆ ಬಸ್ಸು ಸಿಕ್ಕಿತು.

ಬೆನ್ನು ತಿರುಗಿಸಿ ಕೇಳುವುದು ಅವರ ಪದ್ಧತಿ. ನಾನು ಕಾರಣ ಕೇಳಿದಾಗ ಅವರು ಹೇಳಿದ್ದು ಇಂದಿಗೂ ನೆನಪಿದೆ. "ಡಬ್ಬಿ ಮುಂದ ಕುಂತಾವ ಅಳಿಯ ಇದ್ದಂಗ್ರೀ. ಅವಗ ಹೋಳಿಗಿನ ಬಡಸ್ತಾರ. ಮನ್ಯಾಗ ಖರೇ ಏನು ಬೇಯಾಕತ್ತೇತಿ ಅಂತ ಓಣ್ಯಾಗ ನಿಂತಾವಗ ಗೊತ್ತಾಗತೈತಿ."

ಅವರು ಎತ್ತರದ, ಒಣಕಲು ಆಳು. ಎಡಗೈಯ ಕಿರುಬೆರಳು ಅರ್ಧ ಇರಲಿಲ್ಲ. ಹರೆಯದಲ್ಲಿ ಒಂಬತ್ತು ವರ್ಷ ಸಾಮಿಲ್ಲಿನಲ್ಲಿ ಗರಗಸದ ಬಾಯಿಗೆ ದಿಮ್ಮಿ ಒಡ್ಡುವ ಕೆಲಸ ಮಾಡಿದ್ದರು. ಬೆರಳು ಅಲ್ಲಿ ಹೋಗಿತ್ತು. ಬೆರಳು ಹೋದ ಮೇಲೆ ಕಟ್ಟಿಗೆಯ ಕೆಲಸ ಬಿಟ್ಟು ರೇಡಿಯೋ ಕಲಿತರು. ಆದರೆ ಕಟ್ಟಿಗೆ ಅವರನ್ನು ಬಿಡಲಿಲ್ಲ. ಸ್ಪೀಕರಿಗೆ ಡಬ್ಬಿಗಳನ್ನು ತಾವೇ ಮಾಡುತ್ತಿದ್ದರು. ಹಲಗೆಯನ್ನು ಕಲ್ಲಂಗಡಿ ಕೊಳ್ಳುವವರ ಹಾಗೆ ಗೆಣ್ಣಿನಿಂದ ಬಡಿದು ಕೇಳುವರು. "ಇದು ಸುಳ್ಳ ಹಲಗಿ" ಎಂದು ಬದಿಗಿಡುವರು. ಸ್ಪೀಕರ್ ಕೊಳ್ಳಲು ಬಂದ ಹುಡುಗರು ಎದೆ ನಡುಗುವ ಸಪ್ಪಳ ಕೇಳಿದರೆ, "ಧಡಂ ಧಡಂ ಬೇಕಂದ್ರ ಲಾರಿ ಗ್ಯಾರೇಜ್ ಮುಂದ ಐತಿ, ಅಲ್ಲಿ ಹೋಗ್ರಿ" ಎಂದು ಕಳಿಸುವರು.

ಆಗ ಕ್ಯಾಸೆಟ್ಟಿನ ಕಾಲ ಶುರುವಾಗಿತ್ತು. ಭಜನೆಯವರು, ಕವ್ವಾಲಿಯವರು, ಬಯಲಾಟದವರು ತಮ್ಮ ಹಾಡು ತುಂಬಿಸಿಕೊಳ್ಳಲು ದಸ್ತಗೀರಸಾಬರ ಹತ್ತಿರ ಬರುತ್ತಿದ್ದರು. ಅವರು ಹಳೆಯದೊಂದು ಸ್ಪೂಲ್ ಟೇಪ್ ರೆಕಾರ್ಡರ್ ಸಂಪಾದಿಸಿದ್ದರು. ಅದರಲ್ಲಿ ಒಂದು ಪಟ್ಟಿಗೆ ಹಾಡು, ಇನ್ನೊಂದು ಪಟ್ಟಿಗೆ ವಾದ್ಯ, ಹೀಗೆ ಬೇರೆಬೇರೆ ತುಂಬಿಸಬಹುದಿತ್ತು. ಆಮೇಲೆ ಡಬ್ಬಿಯಲ್ಲಿ ಕೇಳುತ್ತಾ ಗುಂಡಿ ತಿರುಗಿಸಿ, ಎರಡನ್ನೂ ತಕ್ಕ ಅಳತೆಯಲ್ಲಿ ಸೇರಿಸಿ ಕ್ಯಾಸೆಟ್ಟಿಗೆ ಇಳಿಸುವುದು. ಅದಕ್ಕೆ ಅವರು 'ಕಲಸೂದು' ಅನ್ನುತ್ತಿದ್ದರು. ಹಿಟ್ಟಿಗೆ ನೀರು ಹೆಚ್ಚಾದರೆ ಹೇಗೋ, ಹಾಡಿಗೆ ವಾದ್ಯ ಹೆಚ್ಚಾದರೂ ಹಾಗೇ; ಒಮ್ಮೆ ಕಲಸಿದ ಮೇಲೆ ಬೇರೆ ಮಾಡಲು ಬರುವುದಿಲ್ಲ.

ಕಲಸುವಾಗ ಯಾವ ಡಬ್ಬಿಯಲ್ಲಿ ಕೇಳಬೇಕು ಎಂಬುದೇ ನನಗೂ ಅವರಿಗೂ ಇದ್ದ ಜಗಳ. ಅವರದು ಎರಡು ಸ್ಪೀಕರಿನ ಡಬ್ಬಿ: ಕೆಳಗೆ ದಪ್ಪ ಸ್ವರಕ್ಕೊಂದು, ಮೇಲೆ ಸಣ್ಣ ಸ್ವರಕ್ಕೊಂದು. ನಾನು ಹುಬ್ಬಳ್ಳಿಯಿಂದ ಸಾಮಾನು ತಂದು ಮೂರು ಸ್ಪೀಕರಿನದು ಕಟ್ಟಿದ್ದೆ. ನಡುವಿನ ಸ್ವರಕ್ಕೆಂದೇ ಇನ್ನೊಂದು ಸ್ಪೀಕರ್. ಮನುಷ್ಯರ ದನಿ ಹೆಚ್ಚಾಗಿ ಇರುವುದು ನಡುವಿನಲ್ಲಿ, ಅದಕ್ಕೆ ಅದರದೇ ಬಾಯಿ ಬೇಕು ಎಂಬುದು ನನ್ನ ವಾದ. ಕೆಲಸ ಹಂಚಿದಷ್ಟೂ ಒಬ್ಬೊಬ್ಬರ ಭಾರ ಕಡಿಮೆಯಾಗುತ್ತದೆ ಎಂದೂ ಹೇಳುತ್ತಿದ್ದೆ.

"ಎರಡು ಬಾಯಿದು ಗಂಡ ಹೆಂಡ್ತಿ ಸಂಸಾರ" ಅನ್ನುತ್ತಿದ್ದರು ಅವರು. "ನಿಮ್ಮ ಮೂರು ಬಾಯಿದ್ದರಾಗ ಅತ್ತಿ ಬಂದು ಸೇರ್ಯಾಳ. ಮನಿ ಭರ್ತಿ ಕಾಣತೈತಿ, ಖರೇ. ಆದ್ರ ಯಾವ ಮಾತು ಯಾರ ಬಾಯಿಂದ ಬಂತು ಗೊತ್ತಾಗಂಗಿಲ್ಲ."

"ದೊಡ್ಡ ಸಂಸಾರಕ್ಕ ಶೋಭಾ ಇರತೈತಿ ಸಾಬ್ರ."

"ಶೋಭಾ ಮದುವಿ ಮನಿಗೆ ಬೇಕ್ರಿ, ಆಪರೇಟರ್ ಸಾಹೇಬ್ರ. ಇದು ತಕ್ಕಡಿ. ತಕ್ಕಡಿ ಚಂದ ಇರಬಾರದು, ಖರೇ ಇರಬೇಕು. ಈ ಕ್ವಾಣ್ಯಾಗ ನಾ ನಾಕು ಫೂಟ್ ದೂರ ಕುಂದರಾಂವ. ಮೂರು ಮಂದಿ ಒಟ್ಟಿಗೆ ಮಾತಾಡಿ ಒಂದು ದನಿ ಆಗಾಕ ಮೈದಾನ ಬೇಕ. ಮೈದಾನ ಎಲ್ಲೈತಿ?"

ಒಳಗಿನಿಂದ ಅವರ ಹೆಂಡತಿ ಹಾಜ್ರಾಬಿ ಚಹಾ ತಂದಿಟ್ಟು, "ವರ್ಷ ಆತು, ಇಬ್ಬರೂ ಡಬ್ಬಿ ಡಬ್ಬಿ ಅಂತೀರಿ. ನನ್ನ ಅಡಗಿ ಮನಿ ಫ್ಯಾನ್ ಮಾತ್ರ ಇನ್ನೂ ನಿಂತಲ್ಲೇ ನಿಂತೈತಿ" ಎಂದು ಹೋಗುವರು.

ಇಷ್ಟು ಸಲಿಗೆಯಿದ್ದೂ ನಾನು ಕೆಲವನ್ನು ಗಮನಿಸಿಯೂ ಅರ್ಥಮಾಡಿಕೊಂಡಿರಲಿಲ್ಲ. ಆ ಗುರುವಾರಕ್ಕೆ ಮುಂಚಿನ ಎರಡು ವರ್ಷಗಳಲ್ಲಿ ಅವರು ಹೊರಗೆ ಹೋಗಿ ಬೆನ್ನು ತಿರುಗಿಸಿ ಕೇಳುವುದನ್ನು ಬಿಟ್ಟಿದ್ದರು. ಡಬ್ಬಿಯ ಮುಂದೆಯೇ ಕೂರುತ್ತಿದ್ದರು. ಹಾಡುಹಗಲಲ್ಲೂ ಅಂಗಡಿಯ ದೀಪ ಹಚ್ಚಿಡುತ್ತಿದ್ದರು, ಮಾತಾಡುವವರ ಬಾಯಿಯನ್ನೇ ನೋಡುತ್ತಿದ್ದರು. ನಾನು ಕರೆದರೆ ಓಗೊಡುತ್ತಿದ್ದರು, ಹಾಜ್ರಾಬಿ ಕರೆದರೆ ಇಲ್ಲ. ಗಂಡಂದಿರು ಹಾಗೆಯೇ ಎಂದು ನಾವೆಲ್ಲ ನಕ್ಕಿದ್ದೆವು. ಕವ್ವಾಲಿಯವರು ತಮ್ಮ ಕ್ಯಾಸೆಟ್ಟನ್ನು ತಿರುಗಿ ತಂದು, "ಕಿವಿಗೆ ಚುಚ್ಚತೈತಿ ಚಾಚಾ" ಅಂದಾಗ ದಸ್ತಗೀರಸಾಬರು ಅಗ್ಗದ ಟೇಪನ್ನು ಬೈದಿದ್ದರು. ನಾನೂ ಅವರ ಜೊತೆ ಸೇರಿ ಟೇಪನ್ನೇ ಬೈದಿದ್ದೆ.

ಮರಿಯಾಬಾಯಿ ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಊರಿನವರು. ಗದ್ದೆಯ ಕೆಲಸ ಮಾಡುವರು, ಹಳೆಯ ಸೀರೆಗಳಿಂದ ಕೌದಿ ಹೊಲಿಯುವರು. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡುಗಳಲ್ಲಿ ನೆಲೆಸಿದ ತಮ್ಮ ಸಿದ್ದಿ ಮಂದಿಯ ಹಾಡುಗಳು ಅವರಿಗೆ ಬಾಯಿಪಾಠ. ಅವರ ದನಿ ತೆಳ್ಳಗಿನದಲ್ಲ. ಅಂಚು ಒರಟಾಗಿ, ನಡುವೆ ಮೆತ್ತಗಿತ್ತು. ಹುಬ್ಬಳ್ಳಿಯ ಕ್ಯಾಸೆಟ್ ವ್ಯಾಪಾರಿಯೊಬ್ಬ, ಒಂದು ಒಳ್ಳೆಯ ಕ್ಯಾಸೆಟ್ ಮಾಡಿ ತಂದರೆ ಪ್ರತಿಗಳನ್ನು ತೆಗೆದು ಮಾರುತ್ತೇನೆ ಎಂದಿದ್ದ. ಶನಿವಾರ ಅವನಿಗೆ ಮುಟ್ಟಬೇಕಿತ್ತು. ಮರಿಯಾಬಾಯಿ ಯಾರ ಮಾತು ಕೇಳಿ ದಸ್ತಗೀರಸಾಬರ ಬಳಿ ಬಂದರೋ ಗೊತ್ತಿಲ್ಲ. ಅವರು ಬಂದ ದಿನ ದಸ್ತಗೀರಸಾಬರು ಕೊಟ್ಟ ಮಾತನ್ನು ನಾನು ಕೇಳಿದ್ದೇನೆ: "ತಂಗೆವ್ವಾ, ನಿನ್ನ ಅಂಗಳದಾಗ ಹೆಂಗ ಕೇಳತೈತಿ ಹಂಗ ಬರಬೇಕ. ಬರಲಿಲ್ಲ ಅಂದ್ರ ನಾ ಈ ಕೆಲಸಾನ ಬಿಡ್ತೇನಿ."

ಹಾಡು ತುಂಬಿಸಿಕೊಂಡದ್ದು ಹಿಂದಿನ ಭಾನುವಾರ, ನನ್ನ ಕ್ವಾರ್ಟರ್ಸಿನಲ್ಲಿ. ದಾಂಡೇಲಿಯಲ್ಲಿ ವೋಲ್ಟೇಜು ಕುಣಿಯುತ್ತದೆ, ಕಾಲೊನಿಯಲ್ಲಿ ಕುಣಿಯುವುದಿಲ್ಲ ಎಂಬುದು ಕಾರಣ. ಮರಿಯಾಬಾಯಿ ಮಾರಲೆಂದು ಕೌದಿಗಳ ಗಂಟು ತಂದಿದ್ದರು. ದಸ್ತಗೀರಸಾಬರು ಅವನ್ನು ಬಿಡಿಸಿ ನನ್ನ ಮನೆಯ ನಾಲ್ಕೂ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು, ಸಿಮೆಂಟ್ ಗೋಡೆಯ ಮಾರ್ದನಿ ಸಾಯಲೆಂದು. ಕೆಂಪು, ಹಳದಿ, ನೀಲಿ ತುಂಡುಗಳ ನಡುವೆ ನಿಂತು ಮರಿಯಾಬಾಯಿ ಹಾಡಿದರು. ಇನಾಸ ಪಕ್ಕದ ಕೋಣೆಯಲ್ಲಿ ಕುಳಿತು, ಬಾಗಿಲ ಸಂದಿನಿಂದ ಅಕ್ಕನ ಮುಖ ನೋಡುತ್ತಾ ಡಮಾಮಿ ಬಾರಿಸಿದ. ದಸ್ತಗೀರಸಾಬರು ಯಾವುದನ್ನೂ ಎರಡನೆಯ ಸಲ ಹಾಡಿಸಲಿಲ್ಲ.

ಈಗ ಆ ಗುರುವಾರಕ್ಕೆ ಬರುತ್ತೇನೆ.

ಹೇಳಿದರೆ, ಒಂದು ಊರೇ ನಂಬಿದ ಕಿವಿ ಹೋಗಿದೆ ಎಂದು ಆ ಕಿವಿಯ ಒಡೆಯನಿಗೆ, ಅದೂ ಹಾಡಿದವರ ಎದುರಿಗೇ ಹೇಳಿದಂತೆ. ಹೇಳದಿದ್ದರೆ ಮರಿಯಾಬಾಯಿಯ ದನಿ ಕೆಟ್ಟು ಹುಬ್ಬಳ್ಳಿಗೆ ಹೋಗುತ್ತದೆ. ನಾನು ಎರಡನ್ನೂ ಮಾಡಲಿಲ್ಲ. ಎಡಗೈಯನ್ನು ಮೆಲ್ಲಗೆ ಡಬ್ಬಿಯ ಹಿಂದೆ ಚಾಚಿ, ತಂತಿಯನ್ನು ಅದರ ಜಾಗಕ್ಕೆ ಸಿಕ್ಕಿಸಿದೆ. ಟ್ರೆಬಲ್ ಗುಂಡಿ ಕೊನೆಯವರೆಗೂ ಏರಿದೆ ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಟ್ವೀಟರ್ ಒಮ್ಮೆಲೇ ಚೀರಿತು. ಮರಿಯಾಬಾಯಿ ಎರಡೂ ಕಿವಿಗೆ ಸೆರಗು ಒತ್ತಿಕೊಂಡರು. "ಅಯ್ಯಯ್ಯೋ ಸಾಬ್ರ! ನನ್ನ ಬಾಯಾಗ ಸೂಜಿ ತುಂಬೀರೇನು?"

ದಸ್ತಗೀರಸಾಬರು ಕಣ್ಣು ತೆರೆದರು. ಅವರ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಅವರ ಮಟ್ಟಿಗೆ ಹಾಡು ಮೊದಲು ಹೇಗಿತ್ತೋ ಹಾಗೇ ಇತ್ತು. ಮರಿಯಾಬಾಯಿಯ ಕೈಗಳನ್ನು ನೋಡಿದರು. ಇನಾಸನೂ ಮುಖ ಕಿವುಚಿದ್ದನ್ನು ನೋಡಿದರು. ಆಮೇಲೆ ನನ್ನ ಕೈ ಎಲ್ಲಿದೆ ಎಂದು ನೋಡಿದರು.

"ಹಿಂದ ಏನ ಮಾಡಿದ್ರಿ?"

"ಧೂಳ ಇತ್ತ. ಒರಿಸಿದೆ."

ಇದು ನಾನು ಅವರಿಗೆ ಹೇಳಿದ ಒಂದೇ ಸುಳ್ಳು ಎಂದು ಬರೆಯಬಲ್ಲೆ. ಅವರು ಸ್ಟೂಲಿನಿಂದ ಎದ್ದು ಬಂದರು. ಡಬ್ಬಿಯ ಹಿಂದೆ ಬಗ್ಗಿ ನೋಡಿದರು. ಹಾಡು ಓಡುತ್ತಲೇ ಇತ್ತು. ಕೆಂಪು ತಂತಿಯನ್ನು ತಮ್ಮ ಕೈಯಿಂದ ಕಿತ್ತರು, ತಿರುಗಿ ಮರಿಯಾಬಾಯಿಯ ಮುಖ ನೋಡಿದರು. ಅವರ ಕೈ ಕಿವಿಯಿಂದ ಇಳಿಯಿತು. ತಂತಿ ಸಿಕ್ಕಿಸಿದರು, ಮುಖ ನೋಡಿದರು. ಕೈ ಮತ್ತೆ ಏರಿತು. ಕಿತ್ತರು, ನೋಡಿದರು. ಸಿಕ್ಕಿಸಿದರು, ನೋಡಿದರು. ಮೂರು ಸಲ. ಪ್ರತಿ ಸಲವೂ ನಿಧಾನವಾಗಿ, ಕೆಟ್ಟ ರೇಡಿಯೋದಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕುವಾಗ ಹೇಗೋ ಹಾಗೆ. ಮೂರನೆಯ ಸಲ ತಂತಿಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಇನಾಸನೇ ಎದ್ದು ಟೇಪ್ ನಿಲ್ಲಿಸಿದ.

"ನಿಮಗ ಎಂದಿನಿಂದ ಗೊತ್ತು?" ಎಂದು ನನ್ನನ್ನು ಕೇಳಿದರು.

"ಇವತ್ತ, ಸಾಬ್ರ. ಈಗ."

ಒಳಬಾಗಿಲಲ್ಲಿ ಹಾಜ್ರಾಬಿ ಬಂದು ನಿಂತಿದ್ದರು. ಅವರತ್ತ ತಿರುಗಿದರು. "ನಿನಗ?"

"ಎರಡು ವರ್ಷ ಆತು." ಮನೆಯಲ್ಲಿ ಅವರಿಬ್ಬರೂ ಉರ್ದು ಆಡುವವರು. ಆ ದಿನ ಕನ್ನಡದಲ್ಲಿ ಆಡಿದರು, ನಮ್ಮಿಂದ ಮುಚ್ಚಿಡಬಾರದು ಎಂದಿರಬೇಕು.

"ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲಾ. ಅಡಗಿ ಮನಿಯಿಂದ ಎಷ್ಟು ಸಲ ಹೇಳಿದೆ. ನಿಮಗ ಕೇಳಲೇ ಇಲ್ಲ."

ಇನಾಸನಿಗೆ ನಗು ಬಂತು, ತಡೆದುಕೊಂಡ. ದಸ್ತಗೀರಸಾಬರಿಗೂ ಬಂತು, ಅವರು ತಡೆಯಲಿಲ್ಲ. ನಗುತ್ತಲೇ ಸ್ಟೂಲಿನ ಮೇಲೆ ಕುಳಿತರು, ನಗು ಮುಗಿಯುವ ಹೊತ್ತಿಗೆ ಟೊಪ್ಪಿಗೆ ತೆಗೆದು ಮುಖ ಮುಚ್ಚಿಕೊಂಡರು. ಎಷ್ಟು ಹೊತ್ತು ಹಾಗೆ ಇದ್ದರು ಎಂದು ನಾನು ಗಡಿಯಾರ ನೋಡಲಿಲ್ಲ. ನೋಡಬೇಕೆನಿಸಲಿಲ್ಲ.

ಆಮೇಲೆ ಟೊಪ್ಪಿಗೆ ಹಾಕಿಕೊಂಡು ಎದ್ದರು. ಸ್ಟೂಲನ್ನು ಅಂಗೈಯಿಂದ ಒರೆಸಿ ಮರಿಯಾಬಾಯಿಯ ಕಡೆ ನೂಕಿದರು.

"ನೀ ಕುಂದ್ರು ತಂಗೆವ್ವಾ. ಕೈ ನಂದು ಗಟ್ಟಿ ಐತಿ. ಕಿವಿ ನೀ ಆಗು."

"ಅಯ್ಯ, ನಾ ಏನ ಬಲ್ಲೆ ಸಾಬ್ರ? ನಿಮ್ಮ ಮಿಷನ್ ನಾ ಮುಟ್ಟೂದಿಲ್ಲ."

"ಮುಟ್ಟಬ್ಯಾಡ. ನಿನ್ನ ದನಿ ನಿನಗ ಗೊತ್ತಿಲ್ಲೇನು?"

ಮರಿಯಾಬಾಯಿ ತಮ್ಮನ ಕಡೆ ನೋಡಿದರು. ಆಮೇಲೆ ಅಂದ ಮಾತು ನಮ್ಮಿಬ್ಬರಿಗೂ, ವರ್ಷವಿಡೀ ಡಬ್ಬಿಗಳ ಮೇಲೆ ಜಗಳವಾಡಿದವರಿಗೆ, ಒಮ್ಮೆಯೂ ಹೊಳೆದಿರಲಿಲ್ಲ.

"ನನ್ನ ದನಿ ನನಗ ಒಳಗಿಂದ ಕೇಳತೈತಿ. ಹೊರಗಿಂದು ಇನಾಸಗ ಗೊತ್ತು, ಸಣ್ಣಾವ ಇದ್ದಾಗಿಂದ ಕೇಳ್ಯಾನ. ಅವನ ಡಮಾಮಿ ಹೆಂಗೈತಿ ಅಂತ ನನಗ ಗೊತ್ತು. ಬಾರಿಸಾವಗ ಅದು ಗೊತ್ತಾಗಂಗಿಲ್ಲ, ಅವನ ಹೊಟ್ಟಿಗೆ ಬಡೀತೈತಿ ಅಷ್ಟ."

ಹಾಗಾಗಿ ಅಕ್ಕ ಡಮಾಮಿಯನ್ನು ಕೇಳುವುದು, ತಮ್ಮ ಹಾಡನ್ನು ಕೇಳುವುದು ಎಂದಾಯಿತು. ಇಬ್ಬರೂ ಸ್ಟೂಲಿನ ಬದಲು ಬೆಂಚನ್ನೇ ಎಳೆದುಕೊಂಡು ಡಬ್ಬಿಗಳ ಮುಂದೆ ಕುಳಿತರು. ದಸ್ತಗೀರಸಾಬರು ಡಬ್ಬಿಗಳಿಗೆ ಬೆನ್ನುಮಾಡಿ, ಅವರಿಬ್ಬರ ಮುಖಕ್ಕೆ ಎದುರಾಗಿ ನಿಂತರು. ಕೈ ಮಾತ್ರ ಗುಂಡಿಗಳ ಮೇಲೆ. ಟ್ರೆಬಲ್ಲನ್ನು ಅರ್ಧಕ್ಕೆ ಇಳಿಸಿ ಮೊದಲು ನನ್ನ ಮೂರು ಬಾಯಿಯದನ್ನು ಹಚ್ಚಿದರು.

ಇನಾಸ ಕತ್ತು ಒಂದು ಬದಿಗೆ ವಾಲಿಸಿ ಕೇಳಿದ. "ಇದು ಭಾರಿ ಐತ್ರಿ ಸಾಬ್ರ. ಆದ್ರ ಅಕ್ಕನ ದನಿ ಒಮ್ಮೆ ಮ್ಯಾಲಿಂದ ಬರತೈತಿ, ಒಮ್ಮೆ ಕೆಳಗಿಂದ ಬರತೈತಿ. ಅಕ್ಕ ಎದ್ದು ಕುಂತು, ಎದ್ದು ಕುಂತು ಹಾಡಿದಂಗ ಆಗತೈತಿ."

"ಡಮಾಮಿ?"

"ಇದು ನಮ್ಮ ಡಮಾಮಿ ಅಲ್ಲ" ಅಂದರು ಮರಿಯಾಬಾಯಿ. "ಅದಕ್ಕ ಇಷ್ಟು ಹೊಟ್ಟಿ ಎಲ್ಲೈತಿ? ಇದು ಬಸುರಿ ಎಮ್ಮಿ."

ದಸ್ತಗೀರಸಾಬರು ಎರಡು ಬಾಯಿಯದಕ್ಕೆ ಬದಲಿಸಿದರು. ಇನಾಸನ ಕತ್ತು ನೆಟ್ಟಗಾಯಿತು. ಅವನು ಅಕ್ಕನತ್ತ ನೋಡಿದ, ಡಬ್ಬಿಯತ್ತ ನೋಡಿದ. ಮರಿಯಾಬಾಯಿ ತೊಡೆಯ ಮೇಲೆ ಬೆರಳು ಆಡಿಸತೊಡಗಿದ್ದರು. ಅದನ್ನು ಕಂಡದ್ದೇ ದಸ್ತಗೀರಸಾಬರು ನನ್ನ ಕಡೆ ತಿರುಗಿ, ಒದ್ದೆ ಕಣ್ಣಿನಲ್ಲೇ, "ಕಿವಿ ಹೋದ್ರೂ ವಾದ ನಂದ ಗೆದ್ದಿತ ನೋಡ್ರಿ, ಆಪರೇಟರ್ ಸಾಹೇಬ್ರ" ಅಂದರು.

ನಾನು ಸೋತೆ ಎಂದು ಒಪ್ಪಿಕೊಂಡೆ. ನನ್ನ ಡಬ್ಬಿ ಕೆಟ್ಟದ್ದಾಗಿರಲಿಲ್ಲ. ದೊಡ್ಡ ಹಾಲಿನಲ್ಲಿ ದೂರ ಕುಳಿತು ಕೇಳುವವರಿಗೆ ಅದೇ ಸರಿ. ಆದರೆ ಆ ಕೋಣೆಗೆ ಅದು ಸಲ್ಲದು ಎಂದು ಅವರು ವರ್ಷದ ಹಿಂದೆಯೇ ಹೇಳಿದ್ದರು. ಅದನ್ನು ಅವರು ಹೇಳಿದ್ದು ಕಿವಿಯಿಂದ ಕೇಳಿಯೋ, ತಮ್ಮ ಹಳೆಯ ಅನುಭವದಿಂದಲೋ, ನನಗೆ ತಿಳಿಯದು. ಕೇಳುವ ಧೈರ್ಯ ನನಗೆ ಕಡೆಯವರೆಗೂ ಬರಲಿಲ್ಲ.

ಮುಂದಿನ ಒಂದು ಗಂಟೆ ಅವರು ಕೆಲಸ ಮಾಡಿದ ರೀತಿಯನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ. ಇನಾಸನ ಹುಬ್ಬು ಏರಿದರೆ ಹಾಡಿನ ಗುಂಡಿ ಇಳಿಯುತ್ತಿತ್ತು. ಮರಿಯಾಬಾಯಿಯ ಬೆರಳು ತಾಳ ತಪ್ಪಿದರೆ ಡಮಾಮಿಯ ಗುಂಡಿ ಏರುತ್ತಿತ್ತು. ಅವರಿಬ್ಬರೂ ತಮ್ಮೊಳಗೆ ಕೊಂಕಣಿಯಲ್ಲಿ ಏನೋ ಅಂದುಕೊಂಡರೆ ದಸ್ತಗೀರಸಾಬರು ಟೇಪ್ ನಿಲ್ಲಿಸಿ ಕಾಯುತ್ತಿದ್ದರು. ಒಮ್ಮೆ ಮರಿಯಾಬಾಯಿ, "ಇಲ್ಲಿ ನಾ ಉಸಿರು ತಗೊಂಡೇನಿ, ಅದು ಕೇಳತೈತಿ, ನಾಚಿಕಿ ಆಗತೈತಿ" ಅಂದರು. "ಇರಲಿ ಬಿಡವಾ" ಅಂದರು ದಸ್ತಗೀರಸಾಬರು. "ಉಸಿರು ಇಲ್ಲದ ಹಾಡು ಯಾರ ಮನ್ಯಾಗ ಐತಿ?" ಆ ಉಸಿರು ಅವರಿಗೆ ಕೇಳಿಸುತ್ತಿರಲಿಲ್ಲ ಎಂಬುದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಐದಕ್ಕೆ ಐದು ನಿಮಿಷ ಇದ್ದಾಗ ಕ್ಯಾಸೆಟ್ ಸಿದ್ಧವಾಯಿತು. ಅಕ್ಕ ತಮ್ಮ ಹಳಿಯಾಳದ ಬಸ್ಸು ಹಿಡಿದರು.

ಶನಿವಾರ ಅದನ್ನು ನಾನೇ ಹುಬ್ಬಳ್ಳಿಗೆ ಮುಟ್ಟಿಸಿದೆ. ವ್ಯಾಪಾರಿ ಮಾತು ಉಳಿಸಿಕೊಂಡ. ಮಳೆಗಾಲ ಮುಗಿದ ಮೇಲೆ ಹಳಿಯಾಳದ ಒಂದು ಚಹಾದಂಗಡಿಯಲ್ಲಿ, ಅಂಗೈಯಗಲದ ಸ್ಪೀಕರಿನ ಟೇಪ್ ರೆಕಾರ್ಡರಿನಲ್ಲಿ ಆ ಹಾಡು ಕೇಳಿದೆ. ದನಿ ಮುಂದೆ ಇತ್ತು, ಡಮಾಮಿ ಅದರ ಬೆನ್ನಿಗಿತ್ತು. ಚಹಾ ಸೋಸುತ್ತಿದ್ದವನು ಸೋಸುವುದನ್ನು ನಿಲ್ಲಿಸಿ ಕೇಳುತ್ತಿದ್ದ. ನಾನು ದಾಂಡೇಲಿಗೆ ಹೋಗಿ ಇದನ್ನು ದಸ್ತಗೀರಸಾಬರಿಗೆ ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡರು. ಎರಡನೆಯ ಸಲ ಹೇಳಿಸಿಕೊಂಡದ್ದು ಕೇಳಿಸಲಿಲ್ಲ ಎಂದಲ್ಲ.

ಅವರು ಕೆಲಸ ಬಿಡಲಿಲ್ಲ. ಬಿಡುತ್ತಾರೆ ಎಂದು ನಾನು ಹೆದರಿದ್ದೆ. ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದರು: "ನನಗ ಮ್ಯಾಲಿನ ಸ್ವರ ಕೇಳಂಗಿಲ್ಲ. ಸಾಮಿಲ್ಲಿನ ಗರಗಸ ಬೆರಳ ಅಷ್ಟ ತಿಂದೈತಿ ಅಂತ ತಿಳಿದಿದ್ದೆ, ಕಿವಿನೂ ತಿಂದೈತಿ. ಕೈ ಐತಿ. ಕಿವಿ ನೀವು ತರ್ರಿ." ಕೆಲವರು ನಕ್ಕು ಬೇರೆ ಅಂಗಡಿಗೆ ಹೋದರು. ಕವ್ವಾಲಿಯವರು ಮಾತ್ರ ಮರಳಿ ಬಂದು, ತಮ್ಮ ಹಾರ್ಮೋನಿಯಮ್ಮಿನವನನ್ನು ಹಾಡಿಗೂ, ಹಾಡುವವನನ್ನು ಹಾರ್ಮೋನಿಯಮ್ಮಿಗೂ ಕೂರಿಸಿ ಕ್ಯಾಸೆಟ್ ಮಾಡಿಸಿಕೊಂಡರು. ಅಂದು ಒಳಗೆ ಅವರವರ ನಡುವೆ ಒಂದೇ ಸಮನೆ ಜಗಳ. ಹಾಜ್ರಾಬಿ ನನ್ನ ಮೂರು ಬಾಯಿಯ ಡಬ್ಬಿಯನ್ನು ಅಂಗಡಿಯ ಮೂಲೆಗೆ ಎಳೆಸಿ, ಅದರ ಮೇಲೆ ಕುಡಿಯುವ ನೀರಿನ ಬಿಂದಿಗೆ ಇಟ್ಟಿದ್ದರು. ಅಡಿಗೆ ಮನೆಯ ಫ್ಯಾನು ತಿರುಗುತ್ತಿತ್ತು.

ಎಂಬತ್ತೇಳರಲ್ಲಿ ನನಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ದಸ್ತಗೀರಸಾಬರು ಬಸ್ ಸ್ಟ್ಯಾಂಡಿಗೆ ಬಂದರು. ನಾನು ಸಾಮಾನು ಏರಿಸುತ್ತಾ, ಬಸ್ಸಿನ ಕಡೆ ಮುಖ ಮಾಡಿಯೇ ಏನೋ ಹೇಳುತ್ತಿದ್ದೆ. ಅವರು ಆ ಅರ್ಧ ಬೆರಳಿನ ಕೈಯಿಂದ ನನ್ನ ಗದ್ದ ಹಿಡಿದು ತಮ್ಮತ್ತ ತಿರುಗಿಸಿಕೊಂಡರು. "ಇತ್ತ ನೋಡಿ ಮಾತಾಡ್ರಿ. ಕಡೀ ಮಾತು, ಅರ್ಧ ಹೋಗಬಾರದು." ಅವರ ಮುಖ ನೋಡುತ್ತಾ, "ಬರ್ತೇನಿ ಸಾಬ್ರ" ಎಂದಷ್ಟೇ ಅಂದೆ. ಮತ್ತೆ ಹೋಗಲಾಗಲಿಲ್ಲ. ಅವರು ತೀರಿಕೊಂಡು ತಿಂಗಳಾದ ಮೇಲೆ ಸುದ್ದಿ ಪತ್ರದಲ್ಲಿ ಬಂತು.

ಆ ಗುರುವಾರ ಕೋಣೆಯಲ್ಲಿದ್ದವರು ಐದು ಜನ. ದಸ್ತಗೀರಸಾಬರಿಲ್ಲ. ಹಾಜ್ರಾಬಿ ಅವರ ಹಿಂದೆಯೇ ಹೋದರು. ಇನಾಸ ಹೋಗಿ ಈಗ ಕೆಲವು ವರ್ಷ. ನಾನಿದ್ದೇನೆ, ಇನ್ನೊಬ್ಬರಿದ್ದಾರೆ. ಕಳೆದ ಬೇಸಿಗೆಯಲ್ಲಿ ಹಳಿಯಾಳದಾಚೆಯ ಅವರ ಊರಿಗೆ ಹೋಗಿ, ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದೆ, ತಪ್ಪಿದ್ದರೆ ತಿದ್ದಲಿ ಎಂದು. ಅಂಗಳದಲ್ಲಿ ಕೌದಿ ಹೊಲಿಯುತ್ತಾ ಪೂರ್ತಿ ಕೇಳಿದರು. ದಾರ ಹಲ್ಲಿನಿಂದ ಕಡಿದು, ಒಂದು ಬಿಟ್ಟೀರಿ ಅಂದರು.

"ಬಸ್ಸಿನ್ಯಾಗ, ಪ್ಯಾಟ್ಯಾಗ, ನಮ್ಮ ಮಕಾ ನೋಡೋರು ಭಾಳ ಮಂದಿ. ತಿರುಗಿ ತಿರುಗಿ ನೋಡ್ತಾರ. ಸರಿ ಐತೋ ತಪ್ಪೈತೋ ಹೇಳು ಅಂತ ಕೇಳಾಕ ನನ್ನ ಮಕಾ ನೋಡಿದಾವ ಅಂವ ಒಬ್ಬ. ಅದನ್ನ ಬರೀರಿ."

ಅವರು ಮರಿಯಾಬಾಯಿ ಸಿದ್ದಿ. ಇದ್ದಾರೆ.